ಮನೆಯ ರೂಢಿ ತರಗತಿಗೆ ಬರುವಾಗ: ಪ್ರಾಥಮಿಕ ಶಾಲೆಯ ಶಿಕ್ಷಕರಿಗೊಂದು ಕೈಪಿಡಿ

ನಾಲ್ಕನೆಯ ಅಥವಾ ಐದನೆಯ ತರಗತಿಯ ಮಕ್ಕಳಿಗೆ ‘ನಿಮ್ಮ ಮನೆಯ ಸಂಪ್ರದಾಯದ ಬಗ್ಗೆ ಪ್ರಾಜೆಕ್ಟ್ ಮಾಡಿಕೊಂಡು ಬನ್ನಿ’ ಎಂದು ಹೇಳಿ ಕಳುಹಿಸಿದರೆ ಏನು ಬರುತ್ತದೆ ಎಂಬುದನ್ನು ಅನುಭವವಿರುವ ಶಿಕ್ಷಕರು ಬಲ್ಲರು. ಪುಸ್ತಕದಂಗಡಿಯಲ್ಲಿ ಸಿಗುವ ಹಬ್ಬಗಳ ಚಿತ್ರಪಟದಿಂದ ಕತ್ತರಿಸಿದ ನಾಲ್ಕು ಚಿತ್ರಗಳು, ‘ದೀಪಾವಳಿ ಬೆಳಕಿನ ಹಬ್ಬ’ ಎಂದು ಆರಂಭವಾಗುವ ಪ್ರಬಂಧ, ಅಮ್ಮನ ಅಥವಾ ಅಕ್ಕನ ಮುದ್ದಾದ ಅಕ್ಷರ. ಮೂವತ್ತು ಮಕ್ಕಳಿದ್ದರೆ ಮೂವತ್ತೂ ಒಂದೇ ಬಗೆಯವು. ಇದು ಮಕ್ಕಳ ತಪ್ಪಲ್ಲ. ‘ಸಂಪ್ರದಾಯ’ ಎಂಬ ಪದವೇ ಮಗುವಿಗೆ ದೊಡ್ಡದು. ಆ ಪದವನ್ನು ಬಿಟ್ಟು, ‘ನಿಮ್ಮ ಮನೆಯಲ್ಲಿ ಹೀಗೆಯೇ ಮಾಡಬೇಕು ಎಂದು ಹೇಳುವ ಒಂದು ಸಂಗತಿ ಯಾವುದು?’ ಎಂದು ಕೇಳುವುದರಿಂದ ಕೆಲಸವನ್ನು ಆರಂಭಿಸಬೇಕು.

ಉತ್ತರ ಹಬ್ಬವೇ ಆಗಿರಬೇಕೆಂದಿಲ್ಲ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನದೆ ‘ಹೋಗಿ ಬರ್ತೀನಿ’ ಎನ್ನುವುದು, ಪಕ್ಕದ ಮನೆಯವರು ಪಲ್ಯ ಕೊಟ್ಟ ಬಟ್ಟಲನ್ನು ಬರಿದಾಗಿ ಹಿಂದಿರುಗಿಸದೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುವುದು, ದೀಪ ಹಚ್ಚಿದ ಮೇಲೆ ಕಸ ಗುಡಿಸದಿರುವುದು, ಇವೂ ಮನೆಯ ರೂಢಿಗಳೇ. ಹಬ್ಬಗಳನ್ನು ಅಷ್ಟಾಗಿ ಆಚರಿಸದ ಮನೆಯ ಮಗುವಿಗೂ, ಹಾಸ್ಟೆಲಿನಲ್ಲಿರುವ ಮಗುವಿಗೂ ಇಂಥ ಒಂದಾದರೂ ಸಂಗತಿ ಗೊತ್ತಿರುತ್ತದೆ.

ವೇಳಾಪಟ್ಟಿಯನ್ನು ದಸರಾ ರಜೆಯ ಸುತ್ತ ಹೊಂದಿಸಿಕೊಳ್ಳುವುದು ಅನುಕೂಲ. ರಜೆಗೆ ಮೊದಲಿನ ವಾರದಲ್ಲಿ ಪ್ರಶ್ನೆಗಳ ತಯಾರಿ, ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಮಾತುಕತೆ, ಶಾಲೆ ತೆರೆದ ಮೇಲಿನ ಎರಡು ವಾರಗಳಲ್ಲಿ ಬರವಣಿಗೆ ಮತ್ತು ಹಂಚಿಕೆ. ಬರವಣಿಗೆ ತರಗತಿಯಲ್ಲಿಯೇ ನಡೆಯಲಿ. ಮನೆಗೆ ಕಳುಹಿಸಿದ ಬರವಣಿಗೆ ಹಿರಿಯರ ಕೈಗೆ ಹೋಗುತ್ತದೆ. ಹಣ ಕೊಟ್ಟು ಕೊಳ್ಳಬೇಕಾದ ಯಾವ ವಸ್ತುವೂ ಈ ಯೋಜನೆಗೆ ಬೇಡ ಎಂಬುದನ್ನು ಪೋಷಕರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು.

ಒಂದು ರೂಢಿ, ಒಬ್ಬ ಹಿರಿಯರು, ಐದು ಪ್ರಶ್ನೆ ಎಂಬುದು ಮಗು ನೆನಪಿಡಬೇಕಾದ ಲೆಕ್ಕ. ಇದನ್ನು ನಿಮಗೆ ಯಾರು ಕಲಿಸಿದರು? ನೀವು ನನ್ನಷ್ಟು ಚಿಕ್ಕವರಿದ್ದಾಗ ಇದು ಹೇಗೆ ನಡೆಯುತ್ತಿತ್ತು? ಯಾವ ಕೆಲಸ ಯಾರ ಪಾಲಿಗೆ ಬರುತ್ತಿತ್ತು? ಈಗ ಏನು ಬದಲಾಗಿದೆ? ಒಂದು ವರ್ಷ ಇದನ್ನು ಬಿಟ್ಟದ್ದುಂಟೇ, ಬಿಟ್ಟಾಗ ಏನಾಯಿತು? ‘ಏಕೆ ಮಾಡುತ್ತಾರೆ’ ಎಂಬ ಪ್ರಶ್ನೆ ಈ ಪಟ್ಟಿಯಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. ಅದಕ್ಕೆ ‘ಹಿಂದಿನಿಂದ ನಡೆದುಕೊಂಡು ಬಂದಿದೆ’ ಎಂಬ ಉತ್ತರ ಬರುತ್ತದೆ, ಇಲ್ಲವೇ ಮೊಬೈಲಿನಲ್ಲಿ ಹರಿದಾಡುವ ಯಾವುದೋ ‘ವೈಜ್ಞಾನಿಕ ಕಾರಣ’ ಬರುತ್ತದೆ. ಎರಡರಿಂದಲೂ ಮಾತು ಅಲ್ಲಿಗೇ ನಿಂತುಹೋಗುತ್ತದೆ. ‘ಹೇಗೆ’ ಮತ್ತು ‘ಯಾರು’ ಎಂದು ಕೇಳಿದರೆ ಅಜ್ಜಿ ಕಥೆ ಹೇಳುತ್ತಾರೆ.

ಉದಾಹರಣೆಗೆ ಹಳೆ ಮೈಸೂರು ಭಾಗದ ಸಂಕ್ರಾಂತಿಯ ಎಳ್ಳು-ಬೆಲ್ಲವನ್ನು ತೆಗೆದುಕೊಳ್ಳಬಹುದು. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಎಂಬ ಐದು ಹೆಸರುಗಳನ್ನು ಬರೆದು ಮಗು ನಿಲ್ಲಿಸಿದರೆ ಅದು ಪ್ರಬಂಧವಷ್ಟೇ ಆಯಿತು. ಕೊಬ್ಬರಿಯ ಕಪ್ಪು ಸಿಪ್ಪೆಯನ್ನು ಹೆರೆದವರು ಯಾರು, ಅಚ್ಚು ಬೆಲ್ಲವನ್ನು ಒಂದೇ ಅಳತೆಗೆ ಹೆಚ್ಚಿ ಬಿಸಿಲಿನಲ್ಲಿ ಎಷ್ಟು ದಿನ ಒಣಗಿಸುತ್ತಿದ್ದರು, ಆ ತಟ್ಟೆಗಳಿಗೆ ಇರುವೆ ಮುತ್ತದಂತೆ ಕಾವಲು ಕುಳಿತ ಮಗು ಯಾರು, ಅಂಗಡಿಯಿಂದ ಕಲಸಿದ ಪೊಟ್ಟಣವನ್ನು ತರಲು ಆರಂಭಿಸಿದ್ದು ಯಾವ ವರ್ಷದಿಂದ, ಇವನ್ನೆಲ್ಲ ಕೇಳಿಕೊಂಡು ಬಂದರೆ ಒಂದು ಕುಟುಂಬದ ಐವತ್ತು ವರ್ಷಗಳ ಬದುಕು ಅರ್ಧ ಪುಟದಲ್ಲಿ ಸಿಗುತ್ತದೆ. ಹಾಗೆಯೇ ಉತ್ತರ ಕರ್ನಾಟಕದ ಶಾಲೆಯಾದರೆ ಎಳ್ಳ ಅಮಾವಾಸ್ಯೆಯಂದು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವುದು, ಅಂದರೆ ಅಡುಗೆಯ ಎಡೆಯನ್ನು ಹೊಲದಲ್ಲಿ ಎರಚುವುದು, ಒಳ್ಳೆಯ ವಸ್ತು. ಚರಗ ಚೆಲ್ಲುವಾಗ ಕೂಗುವ ಮಾತು ಊರಿಂದೂರಿಗೆ ಬದಲಾಗುತ್ತದೆ. ಅಜ್ಜ ಕೂಗಿದಂತೆಯೇ ಮಗು ಅದನ್ನು ಬರೆದುಕೊಳ್ಳಲಿ, ಶಿಕ್ಷಕರು ತಿದ್ದುವುದು ಬೇಡ. ಮಣ್ಣಿನ ಎತ್ತು ಮಾಡಿ ಪೂಜಿಸುವ ಮಣ್ಣೆತ್ತಿನ ಅಮಾವಾಸ್ಯೆಯಂತೂ ಮಕ್ಕಳ ಕೈಯಲ್ಲಿಯೇ ಇರುವ ಹಬ್ಬ. ಎರೆಮಣ್ಣನ್ನು ಎಲ್ಲಿಂದ ತಂದರು, ಕೊಂಬು ಮುರಿಯದಂತೆ ಹೇಗೆ ಕೂರಿಸಿದರು ಎಂಬುದನ್ನು ಹೇಳಲು ಹತ್ತು ವರ್ಷದ ಹುಡುಗನೇ ಸಾಕು.

ರಜೆಗೆ ಕಳುಹಿಸುವ ಮೊದಲು ಒಂದು ಅವಧಿಯನ್ನು ಅಭ್ಯಾಸಕ್ಕೆ ಮೀಸಲಿಡಬೇಕು. ಶಿಕ್ಷಕರು ತಮ್ಮ ಮನೆಯ ಒಂದು ರೂಢಿಯನ್ನು ಇಟ್ಟುಕೊಂಡು ಕುರ್ಚಿಯಲ್ಲಿ ಕುಳಿತುಕೊಳ್ಳಲಿ, ಮಕ್ಕಳು ಸರದಿಯಂತೆ ಪ್ರಶ್ನೆ ಕೇಳಲಿ. ‘ಹೂಂ’ ಎಂದೋ ‘ಗೊತ್ತಿಲ್ಲ’ ಎಂದೋ ಬೇಕೆಂದೇ ಚುಟುಕಾಗಿ ಉತ್ತರಿಸಿದರೆ, ಅಂಥ ಉತ್ತರ ಬಂದಾಗ ಪ್ರಶ್ನೆಯನ್ನು ಬದಲಿಸಿ ಕೇಳಬೇಕು ಎಂಬುದು ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ಮನೆಮಾತು ಬೇರೆಯಾಗಿರುವ ಮಕ್ಕಳ ವಿಷಯದಲ್ಲಿ ವಿಶೇಷ ಗಮನ ಅಗತ್ಯ. ತುಳು, ಕೊಂಕಣಿ, ಬ್ಯಾರಿ, ಕೊಡವ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತನಾಡುವ ಮನೆಗಳಲ್ಲಿ ರೂಢಿಯ ಹೆಸರೂ ಆ ಭಾಷೆಯದೇ. ಕರಾವಳಿಯ ಕ್ರೈಸ್ತ ಕುಟುಂಬದ ಮಗು ಸೆಪ್ಟೆಂಬರ್ 8ರ ತೆನೆ ಹಬ್ಬವನ್ನು ‘ಮೊಂತಿ ಫೆಸ್ತ್’ ಎಂದೇ ಬರೆಯಲಿ, ಕೊಡಗಿನ ಮಗು ‘ಪುತ್ತರಿ’ ಎಂದೇ ಬರೆಯಲಿ. ಅರ್ಥವನ್ನು ಮುಂದಿನ ವಾಕ್ಯದಲ್ಲಿ ಕನ್ನಡದಲ್ಲಿ ವಿವರಿಸಿದರಾಯಿತು. ಈ ಎರಡೂ ಹೊಸ ತೆನೆಯನ್ನು ಮನೆಗೆ ತರುವ ಹಬ್ಬಗಳೆಂಬುದನ್ನು ಶಿಕ್ಷಕರು ತಾವೇ ಹೇಳದೆ, ಬರಹಗಳನ್ನು ಓದಿದ ಮೇಲೆ ಮಕ್ಕಳೇ ಗುರುತಿಸುವಂತೆ ಬಿಡುವುದು ಲೇಸು.

ಕಷ್ಟದ ಭಾಗವೂ ಇದೆ. ಊಟ, ಮಡಿ, ಬಲಿ, ಯಾರ ಮನೆಯಲ್ಲಿ ಯಾರು ತಿನ್ನುತ್ತಾರೆ ಎಂಬ ಮಾತುಗಳಲ್ಲಿ ಜಾತಿ ತಲೆ ಹಾಕುತ್ತದೆ, ಮತ್ತು ಮಕ್ಕಳು ಅದನ್ನು ಮುಚ್ಚುಮರೆಯಿಲ್ಲದೆ ಆಡುತ್ತಾರೆ. ‘ಛೀ’ ಎನ್ನುವಂತಿಲ್ಲ, ‘ನಮ್ಮದೇ ಸರಿ’ ಎನ್ನುವಂತಿಲ್ಲ ಎಂಬ ಎರಡು ನಿಯಮಗಳನ್ನು ಮೊದಲ ದಿನವೇ ಹಲಗೆಯ ಮೇಲೆ ಬರೆಯಬೇಕು. ತಂದೆ ಅಥವಾ ತಾಯಿ ಇಲ್ಲದ ಮಗು ನೆರೆಮನೆಯ ಅಜ್ಜಿಯನ್ನೋ ಶಾಲೆಯ ಬಿಸಿಯೂಟದ ಅಮ್ಮನನ್ನೋ ಕೇಳಬಹುದು. ಆದರೆ ಈ ಅವಕಾಶವನ್ನು ಎಲ್ಲರಿಗೂ ಕೊಡಬೇಕು, ಇಲ್ಲದಿದ್ದರೆ ಆ ಮಗು ಒಬ್ಬಂಟಿಯಾಗಿ ಕಾಣಿಸಿಕೊಳ್ಳುತ್ತದೆ. ಹೇಳಲು ಇಷ್ಟವಿಲ್ಲದ್ದನ್ನು ಹೇಳದಿರುವ ಹಕ್ಕು ಮನೆಯವರಿಗಿದೆ.

ಹಂಚಿಕೆಯ ದಿನ ವೇದಿಕೆ, ಮೈಕು, ಬಹುಮಾನಗಳು ಬೇಡ. ಅದಕ್ಕೆ ಪ್ರತಿಭಾ ಕಾರಂಜಿ ಇದೆ. ಮಕ್ಕಳು ಸುತ್ತ ಕುಳಿತು ಮೂರು ನಿಮಿಷ ಮಾತನಾಡಲಿ, ಕೇಳಿದವರು ಒಂದು ಪ್ರಶ್ನೆ ಕೇಳಲಿ. ಬರಲು ಒಪ್ಪುವ ಇಬ್ಬರು ಮೂವರು ಹಿರಿಯರನ್ನು ಕರೆದರೆ ಸಾಕು. ಕೌದಿ, ಕೊಳಗ, ಬೀಸುವ ಕಲ್ಲಿನ ಗೂಟದಂಥ ವಸ್ತು ತರಬಹುದು. ಬಂಗಾರ, ಬೆಳ್ಳಿ, ದೇವರ ಪೆಟ್ಟಿಗೆಯ ವಸ್ತು ಬೇಡ. ತಿನಿಸು ತರುವುದಾದರೆ ಕಡಲೆಕಾಯಿಯಂಥವು ಯಾವ ಮಗುವಿಗಾದರೂ ಒಗ್ಗುವುದಿಲ್ಲವೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಔಷಧದ ರೂಢಿಗಳನ್ನು ಮಾತಿನಲ್ಲಷ್ಟೇ ಇಡಬೇಕು. ಕರಾವಳಿಯಲ್ಲಿ ಆಟಿ ಅಮಾವಾಸ್ಯೆಯಂದು ಹಾಲೆ ಮರದ ತೊಗಟೆಯ ಕಷಾಯ ಕುಡಿಯುವ ರೂಢಿಯಿದೆ; ಮರ ಗುರುತಿಸುವುದರಲ್ಲಿ ತಪ್ಪಿದರೆ ಪ್ರಾಣಕ್ಕೇ ಅಪಾಯ, ಆದ್ದರಿಂದ ಅದರ ಮಾದರಿ ತರಗತಿಗೆ ಬರಬಾರದು.

ಕಲಿಕೆಯ ನಡುವೆಯೇ ನಡೆಸುವ ರೂಪಣಾತ್ಮಕ ಮೌಲ್ಯಮಾಪನಕ್ಕೆ ಇದನ್ನು ಸೇರಿಸುವುದಾದರೆ, ಅಂಕ ಕೊಡಬೇಕಾದದ್ದು ಕೇಳಿದ ಪ್ರಶ್ನೆಗೆ, ಗಮನಿಸಿದ ವಿವರಕ್ಕೆ, ಇನ್ನೊಬ್ಬರ ಮಾತನ್ನು ಆಲಿಸಿದ್ದಕ್ಕೆ. ಅಲಂಕಾರಕ್ಕೆ ಅಂಕವಿಲ್ಲ. ಆಚರಣೆಗೆ ಅಂಕ ಕೊಡುವ ಪ್ರಶ್ನೆಯೇ ಇಲ್ಲ.

ಕೊನೆಗೆ ಬರಹಗಳನ್ನೆಲ್ಲ ದಪ್ಪ ದಾರದಿಂದ ಹೊಲಿದು ಒಂದು ಪುಸ್ತಕ ಮಾಡಿ, ವರ್ಷ ಮತ್ತು ತರಗತಿಯನ್ನು ನಮೂದಿಸಿ ಶಾಲೆಯ ಗ್ರಂಥಾಲಯದಲ್ಲಿಡಬೇಕು. ಪ್ರತಿ ಬರಹದ ಎದುರಿನ ಪುಟವನ್ನು ಖಾಲಿ ಬಿಡಿ. ಎರಡು ವರ್ಷಗಳ ನಂತರ ಅದೇ ಮನೆಯ ತಂಗಿಯೋ ತಮ್ಮನೋ ಅದೇ ಅಜ್ಜಿಗೆ ಬೇರೊಂದು ಪ್ರಶ್ನೆ ಕೇಳಿಕೊಂಡು ಬಂದಾಗ ಆ ಪುಟ ಬೇಕಾಗುತ್ತದೆ.