ಕುಷ್ಠರೋಗದ ಚಿಕಿತ್ಸೆ ಪಡೆಯುತ್ತಿರುವವರನ್ನು ಸಭೆಯಲ್ಲಿ ನಡೆಸಿಕೊಳ್ಳುವ ಬಗೆ

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬನು ಮೊಣಕಾಲೂರಿ ಬೇಡಿಕೊಂಡಾಗ, ಯೇಸುಸ್ವಾಮಿ ಮೊದಲು ಕೈಚಾಚಿ ಅವನನ್ನು ಮುಟ್ಟಿದರು. ರೋಗ ಬಿಟ್ಟುಹೋದದ್ದು ಆಮೇಲೆ. ಈ ಕ್ರಮ ಮುಖ್ಯವಾದದ್ದು. ಪೂರ್ತಿ ಗುಣವಾಗಲಿ, ಆಮೇಲೆ ಹತ್ತಿರ ಸೇರಿಸೋಣ ಎಂಬ ನಮ್ಮ ರೂಢಿ ಇದಕ್ಕೆ ತೀರಾ ವಿರುದ್ಧವಾಗಿದೆ.

ಮೊದಲು ಹೆದರಿಕೆಯನ್ನು ತಿಳಿವಳಿಕೆಯಿಂದ ಕಳೆಯಬೇಕು. ಈ ರೋಗ ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ನಾರ್ವೆಯ ವೈದ್ಯ ಹ್ಯಾನ್ಸನ್ 1873ರಲ್ಲಿ ಗುರುತಿಸಿದ ಒಂದು ರೋಗಾಣುವಿನಿಂದ ಬರುವಂಥದ್ದು. ಬಹುಪಾಲು ಜನರ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ಬಹುಔಷಧ ಚಿಕಿತ್ಸೆಯ ಮಾತ್ರೆಗಳು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತವೆ, ರೋಗದ ಬಗೆಯನ್ನು ನೋಡಿ 6 ಅಥವಾ 12 ತಿಂಗಳು ಕೊಡುತ್ತಾರೆ. ಚಿಕಿತ್ಸೆ ಆರಂಭವಾದ ಮೇಲೆ ರೋಗ ಇನ್ನೊಬ್ಬರಿಗೆ ಹರಡುವುದಿಲ್ಲ. ಕೈಕುಲುಕುವುದರಿಂದಾಗಲಿ, ಒಂದೇ ಬೆಂಚಿನಲ್ಲಿ ಕೂರುವುದರಿಂದಾಗಲಿ, ಜೊತೆಗೆ ಉಣ್ಣುವುದರಿಂದಾಗಲಿ ಅದು ಅಂಟುವುದಿಲ್ಲ.

ಇನ್ನು ಆರಾಧನೆ ಮುಗಿದ ಮೇಲಿನ ಕಾಫಿಯ ವಿಷಯ. ನನಗೆ ಕರುಣೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ ಎನಿಸುತ್ತದೆ. ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಕಾಫಿ ಕೊಟ್ಟು, ಅವರೊಬ್ಬರ ಕೈಗೆ ಕಾಗದದ ಲೋಟ ಇಟ್ಟರೆ, ಅಂದಿನ ಪ್ರಸಂಗದಲ್ಲಿ ಪ್ರೀತಿಯ ಬಗ್ಗೆ ಹೇಳಿದ್ದೆಲ್ಲ ಅಳಿಸಿಹೋಗುತ್ತದೆ. ಅವರಿಗೂ ಅದೇ ಲೋಟದಲ್ಲಿ ಕೊಡಿ. ಆದರೆ ಒಂದು ಎಚ್ಚರಿಕೆ ಬೇಕು: ನರಗಳಿಗೆ ಹಾನಿಯಾಗಿದ್ದರೆ ಬೆರಳುಗಳಿಗೆ ಬಿಸಿ ತಿಳಿಯುವುದಿಲ್ಲ, ಸುಡುವ ಲೋಟವನ್ನು ಹಿಡಿದು ಮಾತಾಡುತ್ತ ನಿಂತವರಿಗೆ ಬೊಬ್ಬೆ ಎದ್ದದ್ದು ಮನೆಗೆ ಹೋದ ಮೇಲೆ ಕಣ್ಣಿಗೆ ಬೀಳುತ್ತದೆ. ಆದ್ದರಿಂದ ಕಾಫಿಯನ್ನು ಎರಡು ಸಲ ಎತ್ತಿಹೊಯ್ದು ಆರಿಸಿ, ಲೋಟದ ಹೊರಮೈಯನ್ನು ನೀವೇ ಮುಟ್ಟಿ ನೋಡಿ, ಸದ್ದಿಲ್ಲದೆ ಕೊಡಿ. ಪ್ರಭುಭೋಜನದಲ್ಲಿಯೂ ಹೀಗೆಯೇ, ಅವರನ್ನು ಸಾಲಿನ ಕೊನೆಗೆ ನಿಲ್ಲಿಸಬೇಡಿ.

ಅವರ ಅನುಮತಿಯಿಲ್ಲದೆ ಪ್ರಾರ್ಥನಾ ಕೂಟದಲ್ಲಿ ಹೆಸರು ಹೇಳಿ ರೋಗವನ್ನು ಬಯಲು ಮಾಡಬೇಡಿ. ಒಳ್ಳೆಯ ಮನಸ್ಸಿನಿಂದ ಹೇಳಿದ ಒಂದು ಮಾತು ಸಂಜೆಯೊಳಗೆ ಊರೆಲ್ಲ ತಿರುಗಿ, ಮಗಳ ಮದುವೆಯ ಮಾತುಕತೆಗೋ ಬಾಡಿಗೆ ಮನೆಗೋ ಅಡ್ಡಬರಬಹುದು. ಈ ಚಿಕಿತ್ಸೆಯಲ್ಲಿ ಕೊಡುವ ಕ್ಲೊಫಾಜಿಮಿನ್ ಎಂಬ ಮಾತ್ರೆಯಿಂದ ಚರ್ಮದ ಬಣ್ಣ ಕಪ್ಪಾಗುತ್ತದೆ, ಔಷಧ ನಿಲ್ಲಿಸಿದ ಕೆಲವು ತಿಂಗಳಲ್ಲಿ ನಿಧಾನವಾಗಿ ತಿಳಿಯಾಗುತ್ತದೆ. ಏಕೆ ಹೀಗೆ ಕಪ್ಪಾಗಿದ್ದೀರಿ ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳುವುದೂ ಬೇಡ.

ರೋಗಿಗಾಗಿ ಪ್ರಾರ್ಥಿಸಿ, ಆದರೆ ನಂಬಿಕೆಯ ಹೆಸರಿನಲ್ಲಿ ಮಾತ್ರೆ ಬಿಡಿಸಬೇಡಿ. ಚಿಕಿತ್ಸೆಯ ನಡುವೆ ಮಚ್ಚೆಗಳು ಕೆಂಪಾಗಿ ಊದಿಕೊಂಡರೆ ಅಥವಾ ನರಗಳಲ್ಲಿ ನೋವು ಕಾಣಿಸಿಕೊಂಡರೆ ಕೂಡಲೇ ವೈದ್ಯರ ಬಳಿಗೆ ಕರೆದುಕೊಂಡು ಹೋಗಿ. ತಡವಾದರೆ ಕೈಕಾಲುಗಳ ಶಕ್ತಿ ಶಾಶ್ವತವಾಗಿ ಹೋಗಬಹುದು. ಅಂದಿನ ಕೂಲಿ ತಪ್ಪಿದರೆ ಅದನ್ನು ಸಭೆಯ ನಿಧಿಯಿಂದ ತುಂಬಿಕೊಡಬಹುದು.

ಪ್ರಸಂಗ ಮಾಡುವವರಲ್ಲಿ ನನ್ನದೊಂದು ಕಳಕಳಿಯ ವಿನಂತಿ: ‘ಪಾಪವೆಂಬ ಕುಷ್ಠ’ ಎಂಬ ಹೋಲಿಕೆಯನ್ನು ದಯವಿಟ್ಟು ಬಿಟ್ಟುಬಿಡಿ. ಆ ಮಾತ್ರೆಗಳನ್ನು ಜೇಬಿನಲ್ಲಿಟ್ಟುಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಅದು ಹೋಲಿಕೆಯಾಗಿ ಕೇಳಿಸುವುದಿಲ್ಲ. ನಮ್ಮ ದೇಶದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿಯೂ ಕುಷ್ಠರೋಗವು ವಿಚ್ಛೇದನಕ್ಕೆ ಕಾರಣವಾಗಿತ್ತು; ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಕಾನೂನು ಬಿಟ್ಟ ಮಾತನ್ನು ವೇದಿಕೆ ಹಿಡಿದುಕೊಂಡಿರಬಾರದು.

ಪವಿತ್ರ ಗುರುವಾರ ಪಾದ ತೊಳೆಯುವ ವಿಧಿ ನಿಮ್ಮಲ್ಲಿ ಇದ್ದರೆ, ಅವರಿಗೆ ಇಷ್ಟವಿದೆಯೇ ಎಂದು ಮುಂಚೆಯೇ ಏಕಾಂತದಲ್ಲಿ ಕೇಳಿ, ಒಪ್ಪಿದರೆ ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯೊಳಗೆ ಕೂರಿಸಿ. ಪಾದಕ್ಕೆ ಸ್ಪರ್ಶಜ್ಞಾನವಿಲ್ಲದಿದ್ದರೆ ನೀರಿನ ಬಿಸಿ ಅವರಿಗೆ ಗೊತ್ತಾಗದು. ಮೊದಲು ನಿಮ್ಮ ಮೊಣಕೈ ಅದ್ದಿ ನೋಡಿ. ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಮೆತ್ತನೆಯ ಬಟ್ಟೆಯಿಂದ ತೇವ ಉಳಿಯದಂತೆ ಒರೆಸಿ, ಅವರ ಎಂ.ಸಿ.ಆರ್. ಚಪ್ಪಲಿಯನ್ನು (ಸ್ಪರ್ಶಜ್ಞಾನವಿಲ್ಲದ ಪಾದಗಳಿಗಾಗಿ ಮೆತ್ತನೆಯ ರಬ್ಬರಿನಿಂದ ಮಾಡಿದ್ದು) ಕೊಡವಿ, ಒಳಗೆ ಕಲ್ಲುಮುಳ್ಳು ಇಲ್ಲವೆಂದು ಬೆರಳಾಡಿಸಿ ನೋಡಿ, ಕಾಲಿನ ಬಳಿ ಇಡಿ.