ಗಟಾರ ಎಷ್ಟು ನೀರು ಒಯ್ಯುತ್ತದೆ? ಮಾಡೆಲ್ ಅಂಕಿ ಓದುವ ಬಗೆ

ಕಲಬುರಗಿಯಲ್ಲಿ ಜೋರು ಮಳೆ ಬಂದರೆ ಗಟಾರ ಉಕ್ಕಿ ರಸ್ತೆಗೆ ಬರುತ್ತದೆ. ಅದೇ ಗಟಾರ ಕಂಪ್ಯೂಟರ್ ಮಾಡೆಲ್‌ನಲ್ಲಿ ಮಾತ್ರ ಅರ್ಧವೂ ತುಂಬಿರುವುದಿಲ್ಲ. ಹೊಸದಾಗಿ ಮಾಡೆಲ್ ಕಲಿಯುವವರು ಎಡವುವುದು ಹೆಚ್ಚಾಗಿ ಮೂರನೇ ಹಂತದಲ್ಲಿ.

1. ಅಗಲ, ಆಳ, ಇಳಿಜಾರು ಅಳೆಯಿರಿ. ಇಳಿಜಾರನ್ನು ಡ್ರಾಯಿಂಗ್ ನೋಡಿ ಬರೆಯಬೇಡಿ, ಲೆವೆಲ್ ಇಟ್ಟೇ ನೋಡಿ. ಅದು ಅರ್ಧವಾದರೆ ಹರಿವು ಸುಮಾರು ಶೇ 30 ಇಳಿಯುತ್ತದೆ.

2. ಗಟಾರದ ಅಳತೆ, ಇಳಿಜಾರು, ಒರಟುತನ ಹಿಡಿದು ಹರಿವು ಹೇಳುವುದು ಮ್ಯಾನಿಂಗ್ ಸೂತ್ರ. ಅದರ ಲೆಕ್ಕ ಸಾಫ್ಟ್‌ವೇರೇ ಮಾಡುತ್ತದೆ.

3. ಒರಟುತನದ ಅಂಕಿ, ಅಂದರೆ 'ಎನ್', ನೀವೇ ಕೊಡಬೇಕು. ಅಮೆರಿಕದ ಪರಿಸರ ಸಂಸ್ಥೆಯ ಉಚಿತ ಸಾಫ್ಟ್‌ವೇರ್ ಎಸ್‌ಡಬ್ಲ್ಯುಎಂಎಂನಲ್ಲಿ ಮೊದಲೇ 0.01 ಇರುತ್ತದೆ. ಅದು ನುಣುಪಾದ ಪ್ಲಾಸ್ಟಿಕ್ ಪೈಪಿಗೆ ಸರಿ. ಕಾಂಕ್ರೀಟಿಗೆ 0.013 ಬೇಕು. 200ಕ್ಕೆ 1 ಇಳಿಜಾರಿನ 600 ಮಿ.ಮೀ. ಕಾಂಕ್ರೀಟ್ ಪೈಪು ತುಂಬಿ ಹರಿದರೆ ಸೆಕೆಂಡಿಗೆ 434 ಲೀಟರ್. 0.01 ಹಾಗೇ ಬಿಟ್ಟರೆ ಮಾಡೆಲ್ 564 ತೋರಿಸುತ್ತದೆ. ಸಂದು ಬಿಟ್ಟ ಶಹಾಬಾದ್ ಪರಸಿ ಗಟಾರಕ್ಕೆ 0.02ಕ್ಕಿಂತ ಕಡಿಮೆ ಇಡಲೇಬೇಡಿ. ವಾಟ್ಸಾಪ್‌ನಲ್ಲಿ ಓಡಾಡುವ ಎಕ್ಸೆಲ್ ಶೀಟ್‌ಗಳೂ ಬೇಡ. ಒಳಗೆ ಯಾವ 'ಎನ್' ಇದೆ ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ.

ಇನ್ನು ಹೂಳು. ಗಟಾರ ಒಣಗಿದಾಗ ಮೇಲಿನ ಹಾಸುಗಲ್ಲು ಸರಿಸಿ, ಕಬ್ಬಿಣದ ಸರಳನ್ನು ತಳಕ್ಕೆ ಬಡಿದು ಟಣ್ ಅನ್ನುವವರೆಗೆ ಚುಚ್ಚಿ. ಎಲ್ಲಿವರೆಗೆ ಕರಿ ಕೆಸರು ಅಂಟಿದೆಯೋ ಅಷ್ಟು ಆಳ ಹೋಯಿತು. 600 ಮಿ.ಮೀ. ಅಗಲ, ಅಷ್ಟೇ ಆಳ, ಒಳಗೆ ಗಿಲಾವು ಚೆನ್ನಾಗಿರುವ ಗಟಾರ ಅದೇ 200ಕ್ಕೆ 1 ಇಳಿಜಾರಿನಲ್ಲಿ, 'ಎನ್' 0.015 ಇದ್ದರೆ, ಅಂಚಿನವರೆಗೆ ತುಂಬಿ ಸೆಕೆಂಡಿಗೆ 580 ಲೀಟರ್ ಒಯ್ಯುತ್ತದೆ. 200 ಮಿ.ಮೀ. ಹೂಳು ಕೂತರೆ 349. ಹೂಳಿನ ಮೇಲೆ ಹುಲ್ಲು ಬೆಳೆದು 'ಎನ್' 0.025ಕ್ಕೆ ಏರಿದರೆ 209 ಮಾತ್ರ. ಹೂಳು ತಿಂದದ್ದು ಆಳದ ಮೂರನೇ ಒಂದು ಪಾಲು, ಹರಿವಿನಲ್ಲಿ ಹೋದದ್ದು ಹೆಚ್ಚುಕಮ್ಮಿ ಮೂರನೇ ಎರಡು ಪಾಲು! ಹಾಗಾಗಿ ಹೂಳು ಇದ್ದಾಗ ಒಂದು, ತೆಗೆದ ಮೇಲೆ ಒಂದು, ಎರಡು ಸಲ ಮಾಡೆಲ್ ಓಡಿಸಿ. ಹೂಳು ತುಂಬಿದ ದುಂಡು ಪೈಪಿಗೆ ಈ ಸಾಫ್ಟ್‌ವೇರ್‌ನಲ್ಲಿ ಬೇರೆ ಆಕಾರವೇ ಇದೆ, ಅದನ್ನೇ ಆರಿಸಿ.

4. ಫಲಿತಾಂಶದಲ್ಲಿ 'ಕೆಪಾಸಿಟಿ' ಅಂತ ಕಾಣುವುದು ಲೀಟರ್ ಲೆಕ್ಕ ಅಲ್ಲ. ಪೈಪಿನ ಬಾಯಿಯಲ್ಲಿ ಎಷ್ಟು ಪಾಲು ನೀರಿದೆ ಎಂಬುದಷ್ಟೇ. 1 ಬಂದರೆ ಪೈಪು ತುಂಬಿದೆ. ಮುಂದಿನ ನಾಲಾ ಕಟ್ಟಿಕೊಂಡು ನೀರು ನಿಂತಿದ್ದರೂ 1 ಬರುತ್ತದೆ, ಅಲ್ವಾ? ಅದಕ್ಕೆ ಗರಿಷ್ಠ ಹರಿವನ್ನು ತುಂಬಿದ ಹರಿವಿನಿಂದ ಭಾಗಿಸಿದ ಅಂಕಿಯನ್ನೂ ನೋಡಿ. ದುಂಡು ಪೈಪಿಗೆ ಅದು 1.05 ಬಂದರೆ ಗಾಬರಿ ಬೇಡ. ಶೇ 94ರಷ್ಟು ಆಳ ತುಂಬಿದಾಗಲೇ ಪೈಪು ಹೆಚ್ಚು ಒಯ್ಯುವುದು, ಪೂರ್ತಿ ತುಂಬಿದ್ದಕ್ಕಿಂತ ಸುಮಾರು ಶೇ 8 ಜಾಸ್ತಿ. ಮೇಲಿನ ಚೂರು ತುಂಬಿದಾಗ ಜಾಗ ಸಿಗುವುದು ಸ್ವಲ್ಪ, ಗೋಡೆಯ ತಿಕ್ಕಾಟ ಬಹಳ.

ತೆರೆದ ಗಟಾರಕ್ಕೆ ಈ ರಿಯಾಯಿತಿ ಇಲ್ಲ. ಮೇಲೆ 150 ಮಿ.ಮೀ. ಖಾಲಿ ಬಿಟ್ಟು, ಕೆಳಗೆ ಹರಿಯುವುದನ್ನಷ್ಟೇ ಸಾಮರ್ಥ್ಯ ಅಂತ ಬರೆಯಿರಿ.