‘ನಿಮ್ಮ ಆರೋಗ್ಯ ಹೇಗಿದೆ?’: ಈ ಪ್ರಶ್ನೆಯನ್ನು ನಾನು ಕೇಳುವ ಬಗೆ

ಆರೋಗ್ಯ ಸಮೀಕ್ಷೆಗೆ ಜನರನ್ನು ಮಾತಾಡಿಸುವುದು ನನ್ನ ಕೆಲಸ. ಶುರುವಿನಲ್ಲೇ ಕೇಳುವ ಪ್ರಶ್ನೆ ಇದು: ‘ಒಟ್ಟಾರೆ ನಿಮ್ಮ ಆರೋಗ್ಯ ಹೇಗಿದೆ?’ ಉತ್ತರಕ್ಕೆ ಐದು ಆಯ್ಕೆ. ಅತ್ಯುತ್ತಮ, ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಪರವಾಗಿಲ್ಲ, ಚೆನ್ನಾಗಿಲ್ಲ.

ಕಾಯಿಲೆಗಳ ಪಟ್ಟಿ ತೆಗೆಯುವ ಮುಂಚೆಯೇ ಇದನ್ನು ಕೇಳಿಬಿಡುತ್ತೇನೆ. ಸಕ್ಕರೆ ಕಾಯಿಲೆ ಇದೆಯಾ, ಮಂಡಿನೋವು ಇದೆಯಾ ಎಂದು ಒಂದೊಂದಾಗಿ ನೆನಪಿಸಿ ಆಮೇಲೆ ಕೇಳಿದರೆ ಉತ್ತರ ಆ ಕಡೆಗೇ ವಾಲಬಹುದು. ಪಕ್ಕದಲ್ಲಿ ಕೂತ ಮನೆಯವರು ‘ಅವರಿಗೇನೂ ಆಗಿಲ್ಲ ಬಿಡಿ’ ಅಂದರೆ ಅದನ್ನು ಬರೆದುಕೊಳ್ಳುವುದಿಲ್ಲ. ಉತ್ತರಿಸುವವರು ತಡವರಿಸಿದರೆ ಸುಮ್ನೆ ಕಾಯುತ್ತೇನೆ. ಬೇಕಾದರೆ ಆಯ್ಕೆಗಳನ್ನು ಇನ್ನೊಮ್ಮೆ ಓದುತ್ತೇನೆ, ಅಷ್ಟೇ.

ಆಮೇಲೆ ಬಿಪಿ ನೋಡುತ್ತೇನೆ, ಕೈಹಿಡಿತದ ಬಲ ಅಳೆಯುತ್ತೇನೆ, ಸ್ವಲ್ಪ ದೂರ ನಡೆಸಿ ಎಷ್ಟು ಹೊತ್ತಾಯಿತು ಎಂದು ಬರೆದುಕೊಳ್ಳುತ್ತೇನೆ. ಬಿಪಿ ವಿಷಯದಲ್ಲಿ ಮಾತಿಗೂ ಅಳತೆಗೂ ಎಷ್ಟೋ ಸಲ ತಾಳೆಯಾಗುವುದಿಲ್ಲ. 140/90 ದಾಟಿದವರೂ ‘ತುಂಬಾ ಚೆನ್ನಾಗಿದ್ದೇನೆ’ ಎನ್ನುತ್ತಾರೆ. ಅದು ಸುಳ್ಳಲ್ಲ. ಏರಿದ ಬಿಪಿ ಸಾಮಾನ್ಯವಾಗಿ ಮೈಗೆ ಗೊತ್ತೇ ಆಗುವುದಿಲ್ಲ ಅಲ್ವಾ?

ಹಾಗಂತ ಜನರ ಮಾತನ್ನು ಬದಿಗಿಡುವ ಹಾಗಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಹಿರಿಯರ ಮೇಲೆ ನಡೆಸಿದ ಅಧ್ಯಯನವೊಂದು 1982ರಲ್ಲಿ ಪ್ರಕಟವಾಯಿತು. ವೈದ್ಯಕೀಯ ದಾಖಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ, ತಮ್ಮ ಆರೋಗ್ಯ ಚೆನ್ನಾಗಿಲ್ಲ ಎಂದವರಲ್ಲೇ ಮುಂದೆ ಸಾವು ಜಾಸ್ತಿ ಕಂಡಿತ್ತು. 1997ರಲ್ಲಿ ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ ಬಹುಪಾಲಿನಲ್ಲಿ ಇದೇ ಕಂಡಿತು. ಸುಸ್ತು, ನಿದ್ದೆ, ಹೋದ ವರ್ಷಕ್ಕಿಂತ ಕುಂದಿದ ಶಕ್ತಿ, ಮನೆತನದಲ್ಲಿ ಬಂದ ಕಾಯಿಲೆ, ಎಲ್ಲವನ್ನೂ ಕೂಡಿಸಿ ಮನುಷ್ಯ ಒಂದು ಉತ್ತರ ಕೊಡುತ್ತಾನೆ. ಯಾವ ಒಂದು ಯಂತ್ರಕ್ಕೂ ಅಷ್ಟು ಸಿಗುವುದಿಲ್ಲ. ಅದಕ್ಕೇ, ಅಳತೆಗಳೆಲ್ಲ ಸರಿಯಿದ್ದರೂ ‘ಚೆನ್ನಾಗಿಲ್ಲ’ ಎಂದವರಿಗೆ ವೈದ್ಯರನ್ನು ಕಾಣಲು ತಪ್ಪದೆ ಹೇಳುತ್ತೇನೆ.

ನಿಜವಾದ ಕಷ್ಟ ಇರುವುದು ಒಂದು ಗುಂಪನ್ನು ಇನ್ನೊಂದಕ್ಕೆ ಹೋಲಿಸುವಾಗ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಇದನ್ನೇ ಎತ್ತಿ ತೋರಿಸಿದರು. ಜನ ಹೆಚ್ಚು ಕಾಲ ಬದುಕುವ ಕೇರಳದಲ್ಲೇ ‘ನನಗೆ ಕಾಯಿಲೆ ಇದೆ’ ಎನ್ನುವವರು ಜಾಸ್ತಿ, ಬಿಹಾರದಲ್ಲಿ ಕಡಿಮೆ. ಓದು ಮತ್ತು ಆಸ್ಪತ್ರೆ ಹತ್ತಿರವಿದ್ದಲ್ಲಿ ಕಾಯಿಲೆಯ ಅರಿವೂ ಹೆಚ್ಚು.

ಅದಕ್ಕೆ ನಾನು ಪುಟ್ಟ ಕಥೆಗಳನ್ನು ಸೇರಿಸುತ್ತೇನೆ. ‘ಒಬ್ಬರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ವಾರಕ್ಕೆರಡು ಸಲ ಬೆನ್ನುನೋವು. ಇವರ ಆರೋಗ್ಯ ಹೇಗಿದೆ ಅನ್ನುತ್ತೀರಿ?’ ಆಯ್ಕೆಗಳು ಅವೇ ಐದು. ಇದನ್ನೇ ಒಬ್ಬರು ‘ಪರವಾಗಿಲ್ಲ’ ಎಂದು, ಇನ್ನೊಬ್ಬರು ‘ಚೆನ್ನಾಗಿಲ್ಲ’ ಎಂದು ಅಳೆದರೆ, ಇಬ್ಬರ ಅಳತೆಗೋಲು ಬೇರೆ ಎಂದು ತಿಳಿಯುತ್ತದೆ. ಕಥೆಯವರು ನಿಮ್ಮ ವಯಸ್ಸಿನವರೇ ಎಂದುಕೊಳ್ಳಿ ಅಂತ ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ವಯಸ್ಸಾದ ಮೇಲೆ ಅಷ್ಟೆಲ್ಲ ಇರೋದೇ’ ಎಂದು ಲೆಕ್ಕ ಹಾಕಿ ಉತ್ತರ ಕೊಡುತ್ತಾರೆ.